ಕಾಳಪ್ಪನ ಎಡೆಗೆ ಕಳ್ಳು

ಕುಡಿತದ ಹೆಸರೆತ್ತಿದರೆ ಸಾಕು, ಸತ್ಯಮ್ಮ ಮುಖ ಗಂಟು ಹಾಕುತ್ತಿದ್ದಳು. ಅಂಥವಳನ್ನು ಗಂಡ ಬಾಲರಾಜ್ ಕರೆತಂದದ್ದಾದರೂ ಎಲ್ಲಿಗೆ? ಜಾರ್ಜಿಯಾ ದೇಶದ ದ್ರಾಕ್ಷಿ ತೋಟಕ್ಕೆ, ವೈನಿನ ರುಚಿ ನೋಡುವುದಕ್ಕೆ! ತೆಲಂಗಾಣ ಬೇರೆ ರಾಜ್ಯವಾದ ವರ್ಷ ದುಬೈಗೆ ಹೋಗಿ ಡ್ರೈವರ್ ಆದವನು ಅವನು. ಕಂಪನಿಯವರು ಇನಾಮಾಗಿ ಕೊಟ್ಟ ಟೂರಿಗೆ ಹೆಂಡತಿಯನ್ನೂ ಕರೆಸಿಕೊಂಡಿದ್ದ. ಹಿಮದ ಬೆಟ್ಟ ತೋರಿಸ್ತೀನಿ ಅಂದಿದ್ದ. ಬೆಟ್ಟದ ಬುಡದಲ್ಲಿ ವೈನು ಇದೆ ಎಂಬ ಮಾತನ್ನು ಮಾತ್ರ ಜಾಣತನದಿಂದ ನುಂಗಿಕೊಂಡಿದ್ದ.

ಅವಳ ಸಿಟ್ಟಿಗೆ ಕಾರಣವಿತ್ತು. ಅವಳು ಚಿಕ್ಕವಳಿದ್ದಾಗ ತಂದೆ ಕಾಳಪ್ಪ ತೆಲಂಗಾಣದ ಮಕ್ತಲ್ ಹತ್ತಿರದ ಊರಿನಲ್ಲಿ ಹಗೇವಿಗೆ, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿಗೆ ಇಳಿದವನು ಜೀವಂತವಾಗಿ ಮೇಲೆ ಬರಲಿಲ್ಲ. ಹೆಣ ಎತ್ತಿದಾಗ ಬಾಯಿ ಕಳ್ಳು ನಾರುತ್ತಿತ್ತು. ಕುಡಿದು ಬಿದ್ದು ಸತ್ತ ಎಂದು ಊರು ಒಂದೇ ಮಾತಿನಲ್ಲಿ ಮುಗಿಸಿತು. ಅಂದಿನಿಂದ ತಾಯಿ ಅನ್ನಮ್ಮ, ಹಿರಿಯರಿಗೆ ಎಡೆ ಇಡುವ ಪೆತ್ರಮಾಸದ ಅಮಾವಾಸ್ಯೆಯಂದು ಅತ್ತೆ ಮಾವಂದಿರಿಗೆ ಮುಂತದಲ್ಲಿ, ಅಂದರೆ ಪುಟ್ಟ ಗಡಿಗೆಯಲ್ಲಿ, ಕಳ್ಳು ಇಟ್ಟು, ಗಂಡನ ಎಡೆಗೆ ಮಾತ್ರ ನೀರಿಡುತ್ತಿದ್ದಳು. "ನಿನ್ನ ಕೊಂದಿದ್ದನ್ನೇ ನಿನಗ ಇಡ್ಲೇನು?" ಎಂದು ಎಡೆಯ ಎದುರೇ ಬೈಯುತ್ತಿದ್ದಳು. ಸತ್ತರೂ ಪಾಪ, ಬೈಗುಳ ತಪ್ಪಲಿಲ್ಲ ಅವನಿಗೆ.

ಸತ್ಯಮ್ಮನಿಗೆ ನೆನಪಿದ್ದ ಅಪ್ಪನೇ ಬೇರೆ. ಕುರಿಮರಿಯನ್ನೂ ಮಗಳನ್ನೂ ಒಂದೇ ಕಂಬಳಿಯಲ್ಲಿ ಸುತ್ತಿ ಹೊತ್ತು ತರುತ್ತಿದ್ದವನು. ಅವನು ಕುಡುಕನಾಗಿ ಸಾಯದೇ ಇರಬಾರದಿತ್ತೇ ಎಂದು ಪ್ರತಿ ಪೆತ್ರಮಾಸಕ್ಕೂ ಅವಳು ಕೊರಗುತ್ತಿದ್ದಳು. ಈ ವರ್ಷದ ಪೆತ್ರಮಾಸ ನಾಳೆಯೇ ಇತ್ತು.

ತೋಟ ಕಂಡಾಗ ಮಾತ್ರ ಅವಳ ಸಿಟ್ಟು ಅರ್ಧ ಇಳಿಯಿತು. ಕಣ್ಣು ಹಾಯುವವರೆಗೂ ಹಣ್ಣು ತುಂಬಿದ ಬಳ್ಳಿ, ಅದರಾಚೆ ಆಕಾಶಕ್ಕೆ ತಾಗಿದ ಬಿಳಿ ಬೆಟ್ಟ.

"ಅಬ್ಬಬ್ಬಾ! ಇದು ಭೂಮಿ ಮ್ಯಾಲೇ ಐತೇನ್ರೀ?"

ತೋಟದ ಮುದುಕ ಗಿವಿ ನಗುತ್ತ ಗ್ಲಾಸುಗಳಿಗೆ ಜೇನಿನ ಬಣ್ಣದ ವೈನು ಸುರಿದ. ಬಾಲರಾಜ್ ಹೆಂಡತಿಯ ಮುಖ ನೋಡಿದ.

"ಬರೇ ಮೂಸಿ ನೋಡ್ತೀನಿ."

"ನನ್ನ ತಲಿ ಮುಟ್ಟಿ ಆಣಿ ಮಾಡೀರಿ. ಆ ಆಣಿ ಮೂಗಿಗೂ ಐತ್ರಿ."

ಅವನು ಗ್ಲಾಸನ್ನು ಇದ್ದಲ್ಲೇ ಇಟ್ಟ.

ಆಮೇಲೆ ಗಿವಿ ಎಲ್ಲರನ್ನೂ ಉಗ್ರಾಣಕ್ಕೆ ಕರೆದೊಯ್ದ. ಒಳಗೆ ಕಾಲಿಟ್ಟ ಸತ್ಯಮ್ಮ ಅಲ್ಲೇ ನಿಂತುಬಿಟ್ಟಳು. ನೆಲದ ತುಂಬ ಸಾಲಾಗಿ ಗುಂಡಿಗಳ ದುಂಡನೆಯ ಬಾಯಿಗಳಿದ್ದವು.

"ತಂಗೀ, ಇವು ಹಗೇವು ಅಲ್ಲೇನು?" ಎಂದು ಟೂರಿನ ಗೈಡ್ ಅಖಿಲಾಳನ್ನು ಕೇಳಿದಳು. ಅಖಿಲಾ ಗದ್ವಾಲದ ಹುಡುಗಿ, ಇಲ್ಲಿ ಡಾಕ್ಟರಿಕೆ ಓದುತ್ತಿದ್ದಳು.

"ಹೌದಕ್ಕಾ, ನಮ್ಮ ಕಡಿ ಹಗೇವು ಇದ್ದಂಗ. ದೊಡ್ಡ ಮಣ್ಣಿನ ಗಡಿಗಿ ಹೂತಿರತಾರ. ಒಳಗ ಹಣ್ಣಿನ ರಸ ಉಬ್ಬಿ ವೈನು ಆಗತೈತಿ."

ಒಂದು ಗಡಿಗೆಯ ವೈನನ್ನು ಆಗಷ್ಟೇ ತೆಗೆದಿದ್ದರು. ತೊಳೆಯಲು ಆಳು ಇಳಿಯಬೇಕಿತ್ತು. ಗಿವಿ ಅವನನ್ನು ತಡೆದು, ತಂತಿಗೆ ಮೇಣದ ಬತ್ತಿ ಸಿಕ್ಕಿಸಿ ಹಚ್ಚಿ ಒಳಗಿಳಿಸಿದ. ಗಾಳಿಯ ಸುಳಿವೇ ಇರಲಿಲ್ಲ, ಆದರೂ ದೀಪ ಆರಿತು. ಮತ್ತೆ ಹಚ್ಚಿ ಇಳಿಸಿದ, ಮತ್ತೆ ಆರಿತು. ಸತ್ಯಮ್ಮ ಬಗ್ಗಿ ಒಳಗೆ ಇಣುಕಿದಳು.

"ಒಳಗ ಕೆಟ್ಟ ಗಾಳಿ ಕುಂತೈತಿ ಅಕ್ಕಾ," ಅಖಿಲಾ ಹೇಳಿದಳು. "ದೀಪ ಆರಿದಲ್ಲಿ ಮನುಷ್ಯಾ ಇಳಿದ್ರ ಅಲ್ಲೇ ಬೀಳತಾನ. ಈ ಅಜ್ಜನ ಅಣ್ಣ ಹಂಗೇ ಹೋದನಂತ."

"ಅವಾ... ಕುಡಿದಿದ್ದನೇನು?"

ಅಖಿಲಾ ಅದನ್ನು ಗಿವಿಯ ಭಾಷೆಯಲ್ಲಿ ಕೇಳಿದಳು. ಮುದುಕ ಸತ್ಯಮ್ಮನನ್ನೇ ನೋಡುತ್ತ ಮೆಲ್ಲಗೆ ಕೊಟ್ಟ ಉತ್ತರವನ್ನು ಅವಳೇ ತಿರುಗಿಸಿ ಹೇಳಿದಳು.

"ಒಂದು ಹನಿನೂ ಇಲ್ಲಂತ. ಕುಡಿದೀಯೋ ಇಲ್ಲೋ ಅಂತ ಆ ಗಾಳಿ ಕೇಳೂದಿಲ್ಲ ಅಂತಾರ."

"ಜೋಳದ ಹಗೇವಿನಾಗ?"

"ಅಲ್ಲೂ ಅದೇ ಗಾಳಿ ಅಕ್ಕಾ. ಮುಚ್ಚಿಟ್ಟ ಕಾಳೂ ಉಸಿರಾಡತೈತಿ."

ಊರಲ್ಲಿ ಹಗೇವಿನ ಬಾಯಿ ತೆರೆದು ಒಂದು ದಿನ ಹಾಗೇ ಬಿಡುತ್ತಿದ್ದರು. ಯಾಕೆಂದು ಸತ್ಯಮ್ಮನಿಗೆ ಈಗ ತಿಳಿಯಿತು. ಅಪ್ಪ ಸತ್ತ ದಿನ ನೆಂಟರು ಬಂದಿದ್ದರು, ಅಡಿಗೆಗೆ ಜೋಳ ಬೇಕಿತ್ತು, ಅವನಿಗೆ ಕಾಯಲು ಪುರುಸೊತ್ತಿರಲಿಲ್ಲ. ನೆಂಟರ ಜೊತೆ ಒಂದು ಮುಂತ ಕುಡಿದಿದ್ದ, ನಿಜ. ಆ ಊರಲ್ಲಿ ಕುಡಿಯದವರು ಯಾರಿದ್ದರು? ಎಲ್ಲ ಗೊತ್ತಿದ್ದ ಹಿರಿಯರೂ ಬಾಯಿಯ ವಾಸನೆ ನೋಡಿ ತೀರ್ಪು ಕೊಟ್ಟಿದ್ದರು.

ಅವಳು ಸರಸರನೆ ಹೊರಗೆ ಬಂದು ಗಂಡನ ಗ್ಲಾಸು ಎತ್ತಿಕೊಂಡಳು. ಬಳ್ಳಿಯ ಬುಡದ ಮಣ್ಣಿಗೆ ವೈನು ಸುರಿದು, "ಅಪ್ಪಾ, ತಗೋ," ಎಂದಳು. ಹಿಂದೆಯೇ ಬಂದ ಗಿವಿ ತನ್ನ ಗ್ಲಾಸಿನಿಂದಲೂ ಅಲ್ಲೇ ಸುರಿದು ಅಣ್ಣನ ಹೆಸರು ಹೇಳಿದ. ಎಲ್ಲಿಯ ಮಕ್ತಲ್, ಎಲ್ಲಿಯ ಈ ಬೆಟ್ಟ! ಸತ್ಯಮ್ಮ ಕೈಮುಗಿದು ನಿಂತಳು.

ಅಲ್ಲಿಂದಲೇ ಊರಿಗೆ, ತಾಯಿಗೆ ಫೋನು ಮಾಡಿದಳು. ಆರಿದ ದೀಪದ ಕತೆಯನ್ನೆಲ್ಲ ಹೇಳಿ, "ಯವ್ವಾ, ಅಪ್ಪ ಕುಡಿದು ಬಿದ್ದಿಲ್ಲ. ಹಗೇವಿನ ಗಾಳಿ ಕೊಂದೈತಿ," ಎಂದಳು.

ಅತ್ತಲಿಂದ ಅನ್ನಮ್ಮ ಗೊಳೋ ಎಂದು ಅತ್ತಳು.

"ಅಯ್ಯೋ ನನ್ನವ್ವಾ, ಇಷ್ಟು ವರ್ಷ ಬರೇ ನೀರು ಕುಡಿಸೀನಲ್ಲೇ ಅವಗ!"

ಮೂಗು ಸೀಟಿಕೊಂಡದ್ದು ಕೇಳಿಸಿತು.

"ಫೋನ್ ಇಡು. ಈಗಲೇ ಹೋಗಿ ಕಳ್ಳಿನವಗ ಹೇಳಿ ಬರಬೇಕು. ನಾಳೆ ಮೊದಲನೇ ಮುಂತ ಅವಂದೇ."