ಕಿಟಕಿಯಲ್ಲಿಟ್ಟ ಸೀಸೆ

೨೦೧೬ರ ಮಾರ್ಚ್ ೧೪, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಕೊನಾಡು ರಕ್ತದ ಮಾದರಿ ತರಲು ವಾರ್ಡಿಗೆ ಹೋದದ್ದನ್ನು ನೋಡಿಕೊಂಡು, ಸೆರ್ವಾ ಪ್ರಯೋಗಾಲಯದ ಫ್ರಿಜ್ಜಿನಿಂದ ಅವಳ ದ್ರಾವಣದ ಸೀಸೆಯನ್ನು ತೆಗೆದಳು. ಸುತ್ತಿದ್ದ ಬೆಳ್ಳಿ ಕಾಗದವನ್ನು ಹರಿಯದಂತೆ ಬಿಚ್ಚಿ, ಸೀಸೆಯನ್ನು ಉಗ್ರಾಣದ ಕಿಟಕಿಯಲ್ಲಿ ಬಿಸಿಲಿಗಿಟ್ಟಳು.

ಕುಮಾಸಿ ನಗರದ ಆ ಆಸ್ಪತ್ರೆಗೆ, ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಸಾಯುತ್ತದೆಂದು ನೋಡುವ ಪರೀಕ್ಷೆಯ ಔಷಧಬಿಲ್ಲೆಗಳು ಬರುವುದು ನಿಂತು ವರ್ಷವಾಗಿತ್ತು. ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೀವಕದ ಪುಡಿಯನ್ನು ಕರಗಿಸಿ, ಸೋಸುಕಾಗದದ ಚೂರುಗಳಿಗೆ ಹನಿಸಿ ತಾವೇ ಮಾಡಿಕೊಳ್ಳುತ್ತಿದ್ದರು. ಬೆಳಕು ತಾಗಿದರೆ ಆ ದ್ರಾವಣದ ಕಸುವು ಇಳಿಯುತ್ತದೆಂದು ಕೊನಾಡುವಿಗೆ ಕಲಿಸಿದವಳು ಸೆರ್ವಾಳೇ.

ಸೆರ್ವಾ ಅಲ್ಲಿ ಹನ್ನೊಂದು ವರ್ಷ ದುಡಿದವಳು. ಕೊನಾಡು ಬಂದು ಎರಡೇ ವರ್ಷ. ಆದರೂ ಮುಖ್ಯಸ್ಥ ಆಂಟ್ವಿ ಎಲ್ಲರೆದುರು, "ಕೈ ಅಂದ್ರೆ ಈ ಹುಡುಗೀದು!" ಎನ್ನುತ್ತಿದ್ದರು. ರಾಜಧಾನಿ ಅಕ್ರಾದ ತರಬೇತಿಗೆ ಇದ್ದದ್ದು ಒಂದೇ ಜಾಗ. ಈ ವಾರ ಯಾರ ದ್ರಾವಣ ಪರೀಕ್ಷೆಯಲ್ಲಿ ನಿಲ್ಲುತ್ತದೋ ಅವರಿಗೆ ಅದು.

ಎರಡು ಗಂಟೆಗೆ ಕೊನಾಡು ಮರಳುವಷ್ಟರಲ್ಲಿ ಸೀಸೆ ಕಾಗದ ಹೊದ್ದು ಫ್ರಿಜ್ಜಿನೊಳಗಿತ್ತು.

"ಅಕ್ಕಾ, ಇನ್ನೂ ಊಟ ಮಾಡಿಲ್ವಾ?" ಕೊನಾಡು ಸುಟ್ಟ ಬಾಳೆಕಾಯಿ, ಕಡಲೆಕಾಯಿ ಮುಂದಿಟ್ಟಳು. "ಅಕ್ರಾದಲ್ಲಿ ಹೀಗೆ ತಂದ್ಕೊಡೋರು ಯಾರೂ ಇರಲ್ಲ, ಈಗ್ಲೇ ಹೇಳ್ತೀನಿ."

"ನಾನೇ ಹೋಗೋದು ಅಂತ ನಿಂಗ್ಯಾರೇ ಹೇಳಿದ್ದು?"

"ನೀವಲ್ದೆ ಇನ್ಯಾರು? ನಾನಿನ್ನೂ ನಿಮ್ಮ ಶಿಷ್ಯೆ."

ಅಣಕವೋ ಅಕ್ಕರೆಯೋ ತಿಳಿಯದೆ ಸೆರ್ವಾಳ ಹೊಟ್ಟೆ ಇನ್ನಷ್ಟು ಉರಿಯಿತು. ಮಂಗಳವಾರ, ಬುಧವಾರವೂ ಸೀಸೆ ಬಿಸಿಲು ಕಂಡಿತು.

ಗುರುವಾರ ಇಬ್ಬರೂ ಒಂದೇ ಬಗೆಯ ಬ್ಯಾಕ್ಟೀರಿಯಾವನ್ನು ತಟ್ಟೆಗಳಲ್ಲಿ ಹರಡಿ, ನಡುವೆ ತಮ್ಮ ತಮ್ಮ ಬಿಲ್ಲೆಯಿಟ್ಟರು. ರಾತ್ರಿ ಕಳೆದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಸತ್ತ ತಿಳಿವೃತ್ತ ಮೂಡಬೇಕು. ಅಡ್ಡಳತೆ ಮೂವತ್ತು ಮಿಲಿಮೀಟರಿಗೆ ಕಡಿಮೆಯಾದರೆ ದ್ರಾವಣ ಕೆಟ್ಟಿದೆ ಎಂದರ್ಥ. ತನ್ನ ತಟ್ಟೆಯನ್ನು ತಾನೇ ಅಳೆಯಬಾರದು, ಇನ್ನೊಬ್ಬರು ಅಳೆಯಬೇಕು. ಅದು ಆಂಟ್ವಿಯವರ ಕಟ್ಟಳೆ.

ಶುಕ್ರವಾರ ಕೊನಾಡು ಸೆರ್ವಾಳ ತಟ್ಟೆಗೆ ಅಳತೆಪಟ್ಟಿ ಹಿಡಿದಳು. "ಮೂವತ್ಮೂರು! ನೋಡಿ ಸಾರ್, ಅಕ್ಕನ ಕೈ!"

ಸೆರ್ವಾ ಕೊನಾಡುವಿನ ತಟ್ಟೆ ಎತ್ತಿಕೊಂಡಳು. ವೃತ್ತ ಕುಗ್ಗಿಹೋಗಿತ್ತು.

ಆಂಟ್ವಿ ಬಗ್ಗಿ ನೋಡಿದರು. "ಏನಮ್ಮಾ ಇದು? ಸೀಸೆಗೆ ಕಾಗದ ಸುತ್ತಿರ್ಲಿಲ್ವಾ?"

"ಸುತ್ತಿದ್ದೆ ಸಾರ್. ಪುಡಿ ತೂಗುವಾಗ ನನ್ನ ಕೈಯೇ ತಪ್ಪಿರ್ಬೇಕು."

ಹಾಳಾದವಳು, ಯಾರ ಮೇಲೂ ಗೂಬೆ ಕೂರಿಸುವುದಿಲ್ಲ! ಸೋಲಿನಲ್ಲೂ ಅವಳದೇ ಮೇಲುಗೈ. ಸೆರ್ವಾ ಒಮ್ಮೆ ಉಗ್ರಾಣದ ಬಾಗಿಲತ್ತ ನೋಡಿದಳು. ಅವಳು ಪಟ್ಟಿಯನ್ನು ಎರಡು ಸಲ ಇಟ್ಟು ನೋಡಿದಳು. ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ.

"ಇಪ್ಪತ್ಮೂರು ಮಿಲಿಮೀಟರ್ ಸಾರ್."