ಶೇಖವ್ವ ಸಿಸ್ಟರ ಎಡಗಾಲು

ಸುಮಂಗಲಾ ಬಿಸಿನೀರಲ್ಲಿ ಅದ್ದಿದ ಟವೆಲನ್ನು ಹಿಂಡಿ ತಾಯಿಯ ಬಲಮಂಡಿಗೆ ಸುತ್ತಿದಳು. ಅದು ಆರುವಷ್ಟರಲ್ಲಿ ಅವಳ ಮಗಳು ಶಾಂಭವಿ ಇನ್ನೊಂದು ಟವೆಲು ಕೊಟ್ಟಳು. ಹೆಣ ಆಸ್ಪತ್ರೆಯ ಶೀತಕೋಣೆಯಿಂದ ಮನೆಗೆ ಬಂದು ಎರಡು ತಾಸಾಗಿತ್ತು. ಹೆಬ್ಬೆರಳುಗಳಿಗೆ ಬಿಗಿದಿದ್ದ ಬ್ಯಾಂಡೇಜ್ ಪಟ್ಟಿ ಬಿಚ್ಚಿದರೂ ಶೇಖವ್ವನ ಕಾಲುಗಳು ಜೋಡಿಸಿಟ್ಟ ಹಲಗೆಗಳ ಹಾಗೆ ನೆಟ್ಟಗೆ ಚಾಚಿಕೊಂಡೇ ಇದ್ದವು.

ವಠಾರದ ಬಾಗಿಲಲ್ಲಿ ಹೆಣ ಒಯ್ಯುವ ಬಿದಿರಿನ ವಿಮಾನ ಕಟ್ಟಿ ನಿಲ್ಲಿಸಿದ್ದರು. ಅದರಲ್ಲಿ ಮಲಗಿಸಲು ಜಾಗವಿಲ್ಲ. ಲಿಂಗವಂತರ ಹೆಣ ಪದ್ಮಾಸನ ಹಾಕಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಕೂತೇ ಹೋಗಬೇಕು, ಕೂತೇ ಮಣ್ಣಾಗಬೇಕು. ರುದ್ರಭೂಮಿಯಲ್ಲಿ ಗುಂಡಿಯನ್ನೂ ಕೂತವರ ಅಳತೆಗೇ ತೋಡಿಯಾಗಿತ್ತು.

"ನಿನ್ನೆ ಸಂಜೀಕೇ ಕಾಲ ಮಡಚಬೇಕಿತ್ತಲ್ಲವಾ," ಎಂದ ಸಿದ್ರಾಮ. ಅವನು ಶೇಖವ್ವನ ಒಬ್ಬನೇ ತಮ್ಮ; ಕುಷ್ಟಗಿ ಕಡೆಯ ಊರಿನಿಂದ ರಾತ್ರಿ ಬಸ್ಸು ಹಿಡಿದು ಬಂದಿದ್ದ. "ನೀ ದವಾಖಾನ್ಯಾಗೇ ಇದ್ದಿ. ನಿನಗ ಗೊತ್ತಿರಲಿಲ್ಲೇನು?"

ಗೊತ್ತಿತ್ತು. ಸುಮಂಗಲಾ ಆರಿದ ಟವೆಲನ್ನು ಮತ್ತೆ ಬಿಸಿನೀರಿಗೆ ಅದ್ದಿದಳು.

* * *

ಗಂಡ ಸತ್ತ ಮೇಲೆ ಶೇಖವ್ವ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಪೀಣ್ಯಕ್ಕೆ ಬಂದವಳು. ಮೂವತ್ತೊಂದು ವರ್ಷ ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದಳು. ಪ್ರೆಸ್ ಮಷೀನಿಗೆ ಬೆರಳು ಕೊಟ್ಟವರು, ಆಸಿಡ್ ಮೈಮೇಲೆ ಚೆಲ್ಲಿಕೊಂಡವರು, ಸಾರುವೆಯಿಂದ ಬಿದ್ದವರು ಎಲ್ಲರೂ ಅವಳ ವಾರ್ಡಿಗೇ ಬರುತ್ತಿದ್ದರು. ಬೆಳಗಿನ ಪಾಳಿಯಿದ್ದರೆ ನಾಲ್ಕಕ್ಕೇ ಎದ್ದು ಲಿಂಗಪೂಜೆ. ಅದಾಗದೆ ಒಂದು ಗುಟುಕು ನೀರೂ ಇಲ್ಲ. ಹಾಗಂತ ಅವಳ ದೇವರು ಬೇರೆಯವರ ದೇವರಿಗೆ ಅಡ್ಡ ಬಂದವನಲ್ಲ. ಮುಸಲ್ಮಾನ ರೋಗಿ ಕಣ್ಣು ಮುಚ್ಚಿದರೆ ಮುಖ ಪಶ್ಚಿಮಕ್ಕೆ ತಿರುಗಿಸುತ್ತಿದ್ದಳು. ಕ್ರೈಸ್ತರಾದರೆ ಎದೆಯ ಮೇಲೆ ಕೈ ಜೋಡಿಸುತ್ತಿದ್ದಳು.

ಸುಮಂಗಲಾಳಿಗೆ ಹದಿನೆಂಟಿದ್ದಾಗ ಒಂದು ಮಧ್ಯಾಹ್ನ ತಾಯಿಗೆ ಬುತ್ತಿ ಒಯ್ದಿದ್ದಳು. ಪರದೆಯ ಹಿಂದೆ ಶೇಖವ್ವ ಆಗಷ್ಟೇ ಜೀವ ಹೋದ ಗಾರೆ ಕೆಲಸದವನೊಬ್ಬನ ಕಾಲು ಮಡಚುತ್ತಿದ್ದಳು. ಅವನ ಕೊರಳಲ್ಲಿ ಲಿಂಗವಿತ್ತು.

"ಬುತ್ತಿ ಇಡು, ಈ ಕಾಲ ಹಿಡಿ," ಎಂದಳು. "ಇವನ ಮಂದಿ ಬರೂದು ನಾಳಿ. ಅಷ್ಟರಾಗ ಸೆಟದಿರತಾನ. ಆಮ್ಯಾಲ ಏನ ಮಾಡತಾರ ಗೊತ್ತೈತೇನು? ಮಂಡಿ ಮುರದು ಕುಂದರಸತಾರ."

ಸುಮಂಗಲಾ ಹಿಡಿದಿದ್ದಳು. ಶೇಖವ್ವ ಹಾಸಿಗೆಯ ಬಟ್ಟೆಯಿಂದ ಆ ಕಾಲುಗಳನ್ನು ಬಿಗಿದು, ಕೈ ತೊಳೆದು ಬಂದು ಹೇಳಿದ್ದಳು: "ನಾ ಹ್ವಾದಾಗ ಮದಲ ಕಾಲ ಮಡಚು. ಅಳೂದು ಆಮ್ಯಾಲ."

ನಿನ್ನೆ ಸಂಜೆ ಡಾಕ್ಟರು ತಲೆ ಅಲ್ಲಾಡಿಸಿದಾಗ ಸುಮಂಗಲಾ ಮೊದಲು ಅತ್ತಳು. ಆಸ್ಪತ್ರೆಯ ಪಡಸಾಲೆಯಲ್ಲಿ ಕುಸಿದು ಕೂತು ಎಷ್ಟು ಹೊತ್ತು ಅತ್ತಳೋ ತಿಳಿಯದು. ಎದ್ದು ನೋಡುವಾಗ ಹಾಸಿಗೆ ಖಾಲಿ. ಹೆಣ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕುವವರು ಬೆಳಿಗ್ಗೆ ಬರುತ್ತಾರೆಂದು ಆಳುಗಳು ಕಾಲು ಜೋಡಿಸಿ ಕಟ್ಟಿ, ಹೆಣವನ್ನು ಶೀತಕೋಣೆಗೆ ಸಾಗಿಸಿದ್ದರು.

* * *

ಮೂರು ಗಂಟೆಯ ಹೊತ್ತಿಗೆ ಬಲಗಾಲು ಬಗ್ಗಿತು. ಬಿಸಿ ಕೊಟ್ಟು, ತಿಕ್ಕಿ, ಎಳೆಮಗುವಿನ ಕಾಲೆಂಬಂತೆ ಇಷ್ಟಿಷ್ಟೇ ಮಡಚಿ ಸುಮಂಗಲಾ ಅದನ್ನು ತೊಡೆಯಡಿ ತಂದಳು. ಎಡಗಾಲು ಮಾತ್ರ ಹಟ ಹಿಡಿದಿತ್ತು.

"ಆರರೊಳಗ ಮುಗಸಬೇಕಂತ, ಕತ್ತಲಾದ್ರ ರುದ್ರಭೂಮಿ ಗೇಟ್ ಹಾಕತಾರ," ಎಂದ ಸಿದ್ರಾಮ. ಅವನ ಕೈಯಲ್ಲಿ ಒನಕೆಯಿತ್ತು. ಬಟ್ಟೆ ಸುತ್ತಿ ತಂದಿದ್ದ. ಸುಮಂಗಲಾ ಅದನ್ನು ಕಂಡಳು.

"ಬ್ಯಾಡ ಮಾವ."

"ಒಂದ ಏಟು. ಅಕಿಗೇನು ಗೊತ್ತಾಕ್ಕತಿ?"

"ನನಗ ಗೊತ್ತಾಕ್ಕತಿ."

ಸಿದ್ರಾಮ ಕಟುಕನಲ್ಲ. ಅವನ ಗಡ್ಡವೆಲ್ಲ ಕಣ್ಣೀರಿನಿಂದ ಒದ್ದೆಯಾಗಿತ್ತು. "ಊರಾಗ ಏನಂತ ಹೇಳಲವಾ? ದಿಕ್ಕಿಲ್ಲದವರಂಗ ಅಕ್ಕನ್ನ ಮಲಗಿಸಿ ಬಂದೆ ಅನ್ಲೇನು? ನಲವತ್ತ ವರ್ಷ ಲಿಂಗಪೂಜಿ ತಪ್ಪಿಸಿದಾಕಿ ಅಲ್ಲ ಅಕಿ."

"ಅಜ್ಜಾ, ಆಯಿ ಆ ಕಾಲು ಮಡಚಿ ಏಳು ವರ್ಷ ಆಯ್ತು," ಎಂದಳು ಶಾಂಭವಿ. "ನಿಂತೂ ನಿಂತೂ ಮಂಡಿ ಹೋಗ್ಬಿಟ್ಟಿತ್ತು. ಪ್ಲಾಸ್ಟಿಕ್ ಕುರ್ಚಿ ಮೇಲೆ ಕಾಲು ಚಾಚ್ಕೊಂಡೇ ಪೂಜೆ ಮಾಡ್ತಿದ್ಲು. ನಿಮಗೆ ಹೇಳಿರಲಿಲ್ಲ ಅಷ್ಟೆ."

ಸಿದ್ರಾಮ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರ ಕಡೆ ನೋಡಿದ. ವಿಭೂತಿ ತಟ್ಟೆ ಹಿಡಿದು ಕೂತಿದ್ದ ಅಯ್ಯನವರು, "ನಾ ಹಿಂಗ ಕಾಲ ಚಾಚಿಸಿ ಎಲ್ಲೂ ಮಾಡಸಿಲ್ಲಪಾ," ಎಂದರು.

ಆಗ ನೀಲಪ್ಪ ಒಳಗೆ ಬಂದ. ಪಕ್ಕದ ಮನೆಯವನು, ಪ್ರೆಸ್ ಆಪರೇಟರ್. ಬಲಗೈಯಲ್ಲಿ ಉಳಿದದ್ದು ಮೂರೇ ಬೆರಳು. ಆ ಗಾಯಕ್ಕೆ ಮೂರು ತಿಂಗಳು ಪಟ್ಟಿ ಕಟ್ಟಿದವಳು ಶೇಖವ್ವ. ಇವತ್ತಿನ ಗುಂಡಿಯನ್ನು ಯಾರಿಗೂ ಬಿಟ್ಟುಕೊಡದೆ ಅವನೇ ತೋಡಿದ್ದ.

"ಅಕ್ಕಾ, ಸಿಸ್ಟರ ಕಾಲು ಎಷ್ಟ ಉದ್ದ ಐತಿ?"

ನೀಲಪ್ಪ ಹೂವಿನ ದಾರ ತೆಗೆದುಕೊಂಡು ಶೇಖವ್ವನ ಸೊಂಟದಿಂದ ಹಿಮ್ಮಡಿಯವರೆಗೆ ಹಿಡಿದು, ಗಂಟು ಹಾಕಿ, ಹಾರೆ ಎತ್ತಿಕೊಂಡು ಹೋದ. ಸುಮಂಗಲಾ ಸಿದ್ರಾಮನ ಕೈಯಿಂದ ಒನಕೆ ತೆಗೆದು ಗೋಡೆಗೊರಗಿಸಿದಳು. ಅವನು ತಡೆಯಲಿಲ್ಲ.

* * *

ವಿಮಾನದಿಂದ ಶೇಖವ್ವನ ಎಡಗಾಲು ಹೊರಗೆ ಚಾಚಿತ್ತು. ಶೆಡ್ಡುಗಳ ಮುಂದೆ ಚಹಾ ಕುಡಿಯುತ್ತಿದ್ದವರು ಲೋಟ ಹಿಡಿದು ನಿಂತೇ ನೋಡಿದರು. ಲಾರಿಗಳ ನಡುವೆ ರಸ್ತೆ ಇಕ್ಕಟ್ಟು. ಕಾಲು ಎಲ್ಲಾದರೂ ತಾಗೀತೆಂದು ಸಿದ್ರಾಮ ಹಿಮ್ಮಡಿಯನ್ನು ಅಂಗೈಯಲ್ಲಿ ಹೊತ್ತು, ದಾರಿಯುದ್ದಕ್ಕೂ ಬಗ್ಗಿಕೊಂಡೇ ನಡೆದ. ಎಪ್ಪತ್ತು ದಾಟಿದ ಮುದುಕ. ಬೇರೆಯವರು ಕೈ ಕೊಡಲು ಬಂದರೆ ಗದರಿಸಿ ಕಳಿಸಿದ.

ಚೌಕ ಗುಂಡಿಯ ಒಂದು ಮೂಲೆಯಿಂದ ನೀಲಪ್ಪ ಸಣ್ಣ ಕಾಲುವೆ ತೋಡಿದ್ದ, ದಾರದ ಗಂಟಿಗೆ ಸರಿಯಾಗಿ. ಶೇಖವ್ವ ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ಅದರೊಳಗೆ ಕೂತಳು. ಅಯ್ಯನವರು ಅಂಗೈಗೆ ಲಿಂಗವಿಟ್ಟರು. ವಿಭೂತಿ, ಬಿಲ್ವಪತ್ರೆ ಬಿದ್ದವು. ಇಳಿದವರು ಒಬ್ಬೊಬ್ಬರಾಗಿ ಮೇಲೆ ಬಂದರು. ಸಿದ್ರಾಮ ಮಾತ್ರ ಬರಲಿಲ್ಲ.

"ಮ್ಯಾಲ ಬಾ ಮಾವ."

ಅವನು ಕಾಲುವೆಯ ಕೊನೆಯಲ್ಲಿ ಮಂಡಿಯೂರಿ, ಅಕ್ಕನ ಹಿಮ್ಮಡಿಯನ್ನು ಹಿಡಿದೇ ಇದ್ದ. ನೀಲಪ್ಪ ಮಣ್ಣು ತುಂಬಿದ ಸಲಿಕೆಯನ್ನು ಎತ್ತಿದವನು ಹಾಗೇ ಕೆಳಗಿಟ್ಟ.

ಸುಮಂಗಲಾ ಸೆರಗು ಸಿಕ್ಕಿಸಿ ಗುಂಡಿಗಿಳಿದಳು. ಅವನ ಕೈ ಮುಟ್ಟಿದಳು. ತಣ್ಣಗಿತ್ತು, ಬೆರಳುಗಳು ಮರಗಟ್ಟಿದ್ದವು. ಅವಳು ಎರಡೂ ಕೈಯಿಂದ ಅವನ್ನು ತಿಕ್ಕಿ ಬೆಚ್ಚಗೆ ಮಾಡಿ, ಕಿರುಬೆರಳಿನಿಂದ ಶುರುಮಾಡಿ, ನೋವಾಗದ ಹಾಗೆ ಒಂದೊಂದಾಗಿ ಬಿಡಿಸತೊಡಗಿದಳು.