ನಾಗಶ್ರೀಗೆ ಇಷ್ಟವಾದ ಆಲ್ಬಮ್

ಹೊಸ ಆಲ್ಬಮ್ ಬಂದ ದಿನ ರೇಣುಕಪ್ರಸಾದ್ ಅಂಗಡಿಯ ಶಟರನ್ನು ಅರ್ಧವೇ ಎತ್ತಿದ. ಬಣಕಲ್‌ನಲ್ಲಿ ಹೆದ್ದಾರಿಯ ಪಕ್ಕಕ್ಕೆ ಸ್ಪ್ರೇಯರ್, ಕತ್ತಿ, ಮೈಲುತುತ್ತ, ಗೋಣಿಚೀಲ ಮಾರುವ ಅಂಗಡಿ ಅದು. ಅರ್ಧ ಶಟರ್ ಕಂಡರೆ ಮನೆಯಲ್ಲಿ ಯಾರೋ ತೀರಿಕೊಂಡಿರಬೇಕು ಎಂದು ಊರಿನವರ ಲೆಕ್ಕ. ಸ್ಪ್ರೇಯರಿಗೆ ವಾಷರ್ ಬೇಕೆಂದು ಬಂದ ಗುರುವಯ್ಯನವರು ಚಪ್ಪಲಿ ಬಿಟ್ಟು, ಮುಖ ಸಣ್ಣದು ಮಾಡಿಕೊಂಡು, ಬಗ್ಗಿ ಒಳಗೆ ಇಣುಕಿದರು. ಒಳಗೆ ರೇಣುಕಪ್ರಸಾದ್, ಐವತ್ತರ ಹತ್ತಿರದ ಗಂಡಸು, ಹಣೆಯಲ್ಲಿ ವಿಭೂತಿ, ಮೈಮೇಲೆ ತಲೆಬುರುಡೆಯ ಚಿತ್ರವಿದ್ದ ಕರಿ ಟೀ ಶರ್ಟು, ಕಣ್ಣು ಮುಚ್ಚಿಕೊಂಡು ಸ್ಪೀಕರಿನ ಮುಂದೆ ಕೂತಿದ್ದ.

"ಯಾರು ಹೋದ್ರು ಮಾರಾಯ?" ಎಂದರು ಗುರುವಯ್ಯನವರು ಮೆಲ್ಲಗೆ.

"ಯಾರೂ ಹೋಗಿಲ್ಲ. ಪಲ್ಪರ್ ಬಂದಿದೆ."

"ಈಗ್ಯಾಕೆ ಪಲ್ಪರ್ ತರಿಸಿದ್ಯೋ? ಕುಯ್ಲು ಮುಗ್ದು ಗಿಡದಲ್ಲಿ ಹೂ ಬಂತಲ್ಲ," ಎಂದು ಅವರು ತಲೆ ಕೊಡವಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು. ವಾಷರ್ ಮರೆತೇಹೋಯಿತು.

ಗುರುವಯ್ಯನವರದ್ದೇನೂ ತಪ್ಪಿಲ್ಲ. ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಎಂದೇ ಮಲೆನಾಡಿನಲ್ಲಿ ಎಲ್ಲರೂ ತಿಳಿದಿರುವುದು. ಅದೇ ಹೆಸರಿನ, ಕಿವಿ ಗಡಚಿಕ್ಕುವಂತೆ ಅಬ್ಬರಿಸುವ ಮೆಟಲ್ ಬ್ಯಾಂಡ್ ಒಂದಿದೆ, ಅದಕ್ಕೊಂದು ಅಭಿಮಾನಿ ಬಳಗವಿದೆ, ಆ ಬಳಗ ಒಂದು ಜೀಪು ಮತ್ತು ಎರಡು ಬೈಕಿನಲ್ಲಿ ಹಿಡಿಯುತ್ತದೆ ಎನ್ನುವುದು ಗೊತ್ತಿರುವವರು ಕಡಿಮೆ. ಬ್ಯಾಂಡಿನ ಹಾಡುಗಾರ ಅರುಣ್ ರೇಣುಕಪ್ರಸಾದನ ಶಾಲೆಯ ಜೊತೆಗಾರ, ದೇವರಮನೆಯ ದಾರಿಯಲ್ಲಿ ತೋಟ ಇಟ್ಟುಕೊಂಡವನು. ಹುಡುಗರಾಗಿದ್ದಾಗ ಅವನೂ ಇನ್ನು ಮೂವರೂ ತೋಟದ ಪಲ್ಪರ್ ಹೌಸಿನಲ್ಲೇ ಅಭ್ಯಾಸ ಮಾಡುತ್ತಿದ್ದರು. ಯಂತ್ರದ ಸದ್ದು ಯಾವುದು, ಇವರ ಸದ್ದು ಯಾವುದು ಎಂದು ಯಾರಿಗೂ ತಿಳಿಯದೆ ಇದ್ದದ್ದರಿಂದ ಬೈಯುವವರೂ ಇರಲಿಲ್ಲ. ಮೊದಲ ಆಲ್ಬಮ್ಮಿಗೆ 'ಕೊಳೆರೋಗ' ಎಂದು ಹೆಸರಿಟ್ಟರು. ಬೆಂಗಳೂರಿನ ಒಬ್ಬ ವಿಮರ್ಶಕರು ಇದು ಸಮಾಜದ ಕೊಳೆಯ ಬಗ್ಗೆ ಎಂದು ಉದ್ದಕ್ಕೆ ಬರೆದರು. ಅರುಣ್ ಹಾಡಿದ್ದು ಮಳೆಗಾಲದಲ್ಲಿ ಕಾಫಿ ಎಲೆಗೆ ಬರುವ ಕೊಳೆರೋಗದ ಬಗ್ಗೆಯೇ.

ಆ ಬ್ಯಾಂಡು ಉಳಿದದ್ದು ರೇಣುಕಪ್ರಸಾದನ ಕಿವಿಯಿಂದ. ಮೂಡಿಗೆರೆಯಲ್ಲಿ ಅವರ ಮೊದಲ ಕಾರ್ಯಕ್ರಮ. ಜನ ಮದುವೆ ಊಟಕ್ಕೆ ಕಾಯುವವರಂತೆ ಕೈಕಟ್ಟಿ ಕೂತಿದ್ದರು. ಅರುಣ್ ಗಂಟಲು ಹರಿಯುವಂತೆ "ಹಾರರ್! ಹಾರರ್!" ಎಂದು ಅಬ್ಬರಿಸಿದ. ಬೆಳಗಿನಿಂದ ಸಂಜೆಯವರೆಗೂ ಅಪ್ಪನ ಅಂಗಡಿಯಲ್ಲಿ "ಬೋರರಿಗೆ ಏನಿದೆ?" ಎಂಬ ಒಂದೇ ಪ್ರಶ್ನೆ ಕೇಳಿ ಕೇಳಿ ಬಂದಿದ್ದ ರೇಣುಕಪ್ರಸಾದನಿಗೆ ಅದು "ಬೋರರ್!" ಎಂದೇ ಕೇಳಿಸಿತು. ಅರೇಬಿಕಾ ಗಿಡದ ಕಾಂಡ ಕೊರೆದು ಒಣಗಿಸಿಬಿಡುವ ಆ ಹುಳುವಿನ ಹೆಸರು ಕಿವಿಗೆ ಬಿದ್ದದ್ದೇ ತಡ, ಅವನು ಎದ್ದು ನಿಂತು "ಬೋರರ್!" ಎಂದು ಕೂಗಿದ. ಆ ವರ್ಷ ಸಾಲುಸಾಲು ಗಿಡ ಕಿತ್ತು ಸುಟ್ಟಿದ್ದ ಬೆಳೆಗಾರರು ಒಬ್ಬೊಬ್ಬರಾಗಿ ಎದ್ದರು. ಬಿಳಿ ಪಂಚೆಯ ಹಿರಿಯರೂ ಮುಷ್ಟಿ ಎತ್ತಿ "ಬೋರರ್! ಬೋರರ್!" ಎಂದು ಸಿಟ್ಟು ತೀರಿಸಿಕೊಂಡರು. ಅಂದಿನಿಂದ ಹಾಡು ಬದಲಾಯಿತು. ಅರುಣ್ ಒಮ್ಮೆ ಕೂಗುವುದು, ಜನ ತಿರುಗಿ ಕೂಗುವುದು, ಅದೇ ಪದ್ಧತಿಯಾಯಿತು.

"ನಿನ್ನ ಕಿವಿಯೇ ನಮ್ಮ ಬ್ಯಾಂಡಿನ ಮನೆದೇವ್ರು ಮಾರಾಯ," ಎನ್ನುತ್ತಿದ್ದ ಅರುಣ್. ಈ ಮಾತನ್ನು ರೇಣುಕಪ್ರಸಾದ್ ಗಿರಾಕಿಗಳಿಗೂ ಹೇಳುತ್ತಿದ್ದ, ಗಿರಾಕಿಗಳು ಕೇಳದಿದ್ದರೂ ಹೇಳುತ್ತಿದ್ದ.

ಈಗ ಎಷ್ಟೋ ವರ್ಷಗಳ ಮೇಲೆ ಹೊಸ ಆಲ್ಬಮ್ 'ಪಾರ್ಚ್‌ಮೆಂಟ್' ಬಂದಿತ್ತು. ಪಲ್ಪರಿನಿಂದ ಹೊರಬಂದು ಒಣಗಿದ, ಹೊಟ್ಟು ಸುಲಿಯದ ಕಾಫಿ ಕಾಳಿಗೆ ಆ ಹೆಸರು. ಹಿಂದಿನ ದಿನ ಅರುಣ್ ಫೋನ್ ಮಾಡಿದ್ದ. "ಭಾನುವಾರ ನಮ್ಮ ಕಣದಲ್ಲಿ ಬಾರಿಸ್ತೀವಿ. ಎಲ್ರನ್ನೂ ಕರ್ಕೊಂಡ್ಬಾ. ಕೇಳಿ ಆದ್ಮೇಲೆ ನೀನು ಒಂದು ಮಾತು ಹೇಳ್ಬೇಕು. ಸರಿಯಿಲ್ಲ ಅಂದ್ರೆ ಸರಿಯಿಲ್ಲ ಅನ್ನು. ಅಲ್ಲಿಗೆ ಗಿಟಾರು ಅಟ್ಟಕ್ಕೆ ಹಾಕಿ ಬ್ಯಾಂಡ್ ಮುಚ್ತೀವಿ. ದಾಕ್ಷಿಣ್ಯ ಮಾಡ್ಬೇಡ."

ಹಾಗಾಗಿ ಆ ಬೆಳಿಗ್ಗೆ ಅರ್ಧ ಶಟರಿನ ಒಳಗೆ ಅವನು ಪರೀಕ್ಷೆಯ ಮೇಷ್ಟರಂತೆ ಕೂತಿದ್ದ. ಮೊದಲ ಹಾಡು ಶುರುವಾಯಿತು. ಗಿಟಾರು ಇತ್ತು, ಡ್ರಮ್ಮು ಇತ್ತು. ಆದರೆ ಅರುಣ್ ಅಬ್ಬರಿಸಲಿಲ್ಲ, ಹಾಡಿದ. ಅಕ್ಷರ ಅಕ್ಷರ ಬಿಡಿಬಿಡಿಯಾಗಿ, ತಿಳಿಯುವಂತೆ ಹಾಡಿದ. ಒಣಗಿದ ಕಾಳಿನ ಮೇಲಿನ ಹೊಟ್ಟಿನಷ್ಟು ತೆಳ್ಳಗಾಗಿದ್ದೇನೆ ಎಂದೇನೋ ಅದರ ಅರ್ಥ. ಮೆಟಲ್ ಹಾಡಿಗೆ ಅರ್ಥವಾಗುವ ದುರವಸ್ಥೆ ಬರುತ್ತದೆ ಎಂದು ರೇಣುಕಪ್ರಸಾದ್ ಕನಸಿನಲ್ಲೂ ನೆನೆಸಿರಲಿಲ್ಲ.

ಆಗಲೇ ಹಿಂದಿನ ಬಾಗಿಲು ತೆರೆಯಿತು. ಅಂಗಡಿಯ ಹಿಂದೆಯೇ ಮನೆ. ಅಡುಗೆಮನೆಗೂ ಅಂಗಡಿಗೂ ನಡುವೆ ಒಂದೇ ಗೋಡೆ. ಮದುವೆಯಾಗಿ ಬಂದ ಲಾಗಾಯ್ತಿನಿಂದ ನಾಗಶ್ರೀ ಆ ಗೋಡೆಗೆ ಸೌಟಿನಿಂದ ಬಡಿದು "ಆ ಬೊಗಳೋದನ್ನ ಕಮ್ಮಿ ಮಾಡ್ರೀ" ಎನ್ನುತ್ತಿದ್ದಳು. ಇವತ್ತು ಸೌಟಿನ ಸದ್ದಿಲ್ಲ. ಕಾಫಿ ಲೋಟ ಹಿಡಿದು ಅವಳೇ ಬಂದು, ಬಾಗಿಲಿಗೆ ಒರಗಿ, ತಲೆ ಮೆಲ್ಲಗೆ ತೂಗುತ್ತಾ ನಿಂತಳು.

"ಚೆನ್ನಾಗಿದೆಯಲ್ರೀ. ಯಾರದ್ದು?"

ರೇಣುಕಪ್ರಸಾದ್ ಕಣ್ಣು ಬಿಟ್ಟ. ಮೆಟಲ್ ಆಲ್ಬಮ್ಮಿಗೆ ಇದಕ್ಕಿಂತ ಕೆಟ್ಟ ವಿಮರ್ಶೆ ಇನ್ನೊಂದಿಲ್ಲ. "ಯಾರದ್ದೋ," ಎಂದು ಸ್ಪೀಕರ್ ಆರಿಸಿಬಿಟ್ಟ.

ಮಧ್ಯಾಹ್ನದ ಹೊತ್ತಿಗೆ ಬಳಗದ ವಾಟ್ಸಾಪ್ ಗುಂಪಿನಲ್ಲಿ ಹೊಗೆ ಎದ್ದಿತ್ತು. ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ರುದ್ರಪ್ಪ, "ಇದೇನು ಭಜನೆಯಾ?" ಎಂದು ಕೇಳಿದ್ದ. ಸಂಜೆಗೆ ಅವನದೇ ಇನ್ನೊಂದು ಸಂದೇಶ ಬಂತು: "ನಮ್ಮತ್ತೆ ಮೂರನೇ ಹಾಡನ್ನ ರಿಂಗ್‌ಟೋನ್ ಮಾಡ್ಕೊಂಡಿದ್ದಾರೆ. ನಾನಿನ್ನು ಯಾವ ಮುಖ ಇಟ್ಕೊಂಡು ಕರಿ ಟೀ ಶರ್ಟ್ ಹಾಕ್ಲಿ?" ಇನ್ನೊಬ್ಬನ ತಾಯಿ ದೇವರ ಕೋಣೆಯಲ್ಲಿ ಹಾಕಿಕೊಂಡು ಕೇಳಿದ್ದರು. ಮತ್ತೊಬ್ಬನ ಮಗು ಅದನ್ನು ಕೇಳುತ್ತಾ ನಿದ್ದೆ ಹೋಗಿತ್ತು, ಅದು ಎಲ್ಲಕ್ಕಿಂತ ದೊಡ್ಡ ಅವಮಾನ. ವಸ್ತಾರೆಯ ಟೀಚರ್ ದಿವ್ಯಾ ಒಬ್ಬಳೇ, "ನನಗೆ ಹಿಡಿಸಿತು. ನೀವೆಲ್ಲ ಇನ್ನೊಂದ್ಸಲ ಕೇಳಿ" ಎಂದು ಬರೆದಳು. ಅವಳಿಗೆ ವಯಸ್ಸು ಸಾಲದು ಎಂದು ಗುಂಪು ಒಕ್ಕೊರಲಿನಿಂದ ತೀರ್ಮಾನಿಸಿತು. ಕಡೆಗೆ ಎಲ್ಲರೂ ಸೇರಿ ಭಾರವನ್ನು ರೇಣುಕಪ್ರಸಾದನ ಮೇಲೆ ಹೊರಿಸಿದರು: ಇರುವುದನ್ನು ಇರುವ ಹಾಗೆ ಅರುಣನಿಗೆ ನೀನೇ ಹೇಳಬೇಕು.

ಹೇಳುವುದು ಏನನ್ನು? ನಿಜ ಹೇಳಬೇಕೆಂದರೆ ಅವನಿಗೂ ಅದು ಸರಿಯಾಗಿ ಗೊತ್ತಿರಲಿಲ್ಲ. ಚೆನ್ನಾಗಿಲ್ಲ ಎಂದರೆ ಬ್ಯಾಂಡು ಮುಚ್ಚುತ್ತದೆ. ಚೆನ್ನಾಗಿದೆ ಎಂದರೆ ಅರುಣನಿಗೆ ಜನ್ಮದಲ್ಲಿ ಮೊದಲ ಸಲ ಸುಳ್ಳು ಹೇಳಿದಂತಾಗುತ್ತದೆ. ಇನ್ನೂ ಒಂದು ತಕರಾರಿತ್ತು. ಗೋದಾಮಿನಲ್ಲಿ ಗೊಬ್ಬರದ ಚೀಲದ ಮೇಲೆ ಕೂತು, ಯಾರಿಗೂ ಕೇಳಿಸದಂತೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮತ್ತೆ ಮತ್ತೆ ಕೇಳಿದಾಗ ಅವನ ಕಣ್ಣಲ್ಲಿ ನೀರು ಬಂದಿತ್ತು. ಅದಕ್ಕೆ ಮೈಲುತುತ್ತದ ಧೂಳು ಕಾರಣ ಎಂದು ತನಗೆ ತಾನೇ ಹೇಳಿಕೊಂಡ. ಆ ಮನೆಯಲ್ಲಿ ಸೋಫಾದ ಬಣ್ಣದಿಂದ ಸಾರಿನ ಖಾರದವರೆಗೆ ಎಲ್ಲವೂ ನಾಗಶ್ರೀಯ ಇಷ್ಟದಂತೆ ಇತ್ತು. ಈ ಗದ್ದಲ ಒಂದೇ ಅವನದು. ಅದನ್ನೂ ಅವಳು ಇಷ್ಟಪಟ್ಟುಬಿಟ್ಟರೆ ತನ್ನದೆಂದು ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ ಎಂದು ಅವನಿಗೆ ನಿಜವಾಗಿಯೂ ಭಯವಾಗಿತ್ತು.

ಭಾನುವಾರ ಜೀಪು ಹತ್ತುವಾಗ ನಾಗಶ್ರೀ ಸೀರೆಗೆ ಪಿನ್ನು ಹಾಕಿಕೊಂಡು, ಮಲ್ಲಿಗೆ ಮುಡಿದು ಬಾಗಿಲಲ್ಲಿ ನಿಂತಿದ್ದಳು.

"ನೀನೆಲ್ಲಿಗೆ?"

"ಅರುಣಣ್ಣ ಹಾಡೋದು ಕೇಳೋಕೆ. ಅವತ್ತು ಯಾರದ್ದೋ ಅಂದ್ರಲ್ಲ, ನಂಗೆ ಅಷ್ಟೂ ಗೊತ್ತಾಗಲ್ವಾ?"

ಕಾಫಿ ಒಣಗಿಸುವ ಕಣ ಕುಯ್ಲು ಮುಗಿದು ಖಾಲಿಯಾಗಿತ್ತು. ತೋಟದ ತುಂಬ ಬಿಳಿ ಹೂ ಬಿಟ್ಟು, ಕಣದವರೆಗೂ ಘಮ ಬರುತ್ತಿತ್ತು. ಹೆಂಡತಿ ಬಂದದ್ದು ತನಗೊಬ್ಬನಿಗೇ ಬಂದ ಗ್ರಹಚಾರ ಎಂದುಕೊಂಡಿದ್ದ ರೇಣುಕಪ್ರಸಾದನಿಗೆ ಅಲ್ಲಿ ರುದ್ರಪ್ಪನ ಅತ್ತೆ ತಿಮ್ಮಮ್ಮನವರೇ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದು ಕೂತಿದ್ದು ಕಂಡು ಸ್ವಲ್ಪ ಸಮಾಧಾನವಾಯಿತು. ಕರಿ ಟೀ ಶರ್ಟಿನ ಗಂಡಸರೆಲ್ಲ ಹಿಂದೆ ಗೋಡೆಗೆ ಒರಗಿ, ಮುಖ ಊದಿಸಿಕೊಂಡು ನಿಂತರು. ಹೊಸ ಹಾಡುಗಳು ಒಂದಾದ ಮೇಲೊಂದು ಬಂದವು. ಮುಂದೆ ಚಪ್ಪಾಳೆ, ಹಿಂದೆ ಮೌನ. ಅರುಣ್ ಮಾತ್ರ ಪ್ರತಿ ಹಾಡು ಮುಗಿದಾಗಲೂ ಮುಂದಿನ ಸಾಲನ್ನು ನೋಡದೆ ಗೋಡೆಯ ಕಡೆಗೇ ನೋಡುತ್ತಿದ್ದ.

"ಸರಿ, ಹಳೇದು ಒಂದು," ಎಂದ ಕಡೆಗೆ. ಡ್ರಮ್ಮು ಗುಡುಗಿತು. ಗೋಡೆಗೆ ಒರಗಿದ್ದವರು ನೆಟ್ಟಗಾದರು, ಮುಷ್ಟಿಗಳು ಮೇಲೆದ್ದವು. ಅರುಣ್ ಎದೆ ತುಂಬ ಉಸಿರು ಎಳೆದು ಬಾಯಿ ತೆರೆದ. ಬಂದದ್ದು ಬರೀ ಕೆಮ್ಮು. ಮತ್ತೆ ತೆರೆದ, ಮತ್ತೆ ಕೆಮ್ಮು. ಡ್ರಮ್ಮು ನಿಂತಿತು.

"ಆಗ್ತಿಲ್ಲ," ಎಂದ ಅರುಣ್, ಗಂಟಲು ಹಿಡಿದುಕೊಂಡು. "ಗಂಟಲು ಕೈ ಕೊಟ್ಟು ಬಹಳ ದಿನ ಆಯ್ತು. ನಿಮ್ಗೆಲ್ಲ ಹೇಳೋಕೆ ನಾಚಿಕೆ ಆಯ್ತು ಮಾರಾಯ್ರೆ. ಅದಕ್ಕೇ ಇದ್ದಷ್ಟು ದನಿಯಲ್ಲಿ ಹಾಡ್ದೆ."

ರೇಣುಕಪ್ರಸಾದನಿಗೆ ನೆಲ ಬಾಯಿಬಿಟ್ಟರೆ ಸಾಕು ಅನಿಸಿತು. ಜೊತೆಗಾರನ ದನಿ ಹೋಗಿತ್ತು, ತಾನು ಅದನ್ನು ಭಜನೆ ಎಂದು ಆಡಿಕೊಳ್ಳುವವರ ಜೊತೆ ನಿಂತಿದ್ದ. ಆಗ ಕುರ್ಚಿಗಳ ನಡುವಿನಿಂದ ಒಂದು ದನಿ ಎದ್ದಿತು. ತಗಡಿನ ಶೀಟು ಎಳೆದಂಥ, ಹೊಟ್ಟೆಯ ಆಳದಿಂದ ಬಂದ ದನಿ.

"ಬಾರೋ! ಬಾರೋ!"

ನಾಗಶ್ರೀ ಎದ್ದು ನಿಂತಿದ್ದಳು. ಮಲ್ಲಿಗೆ ಮುಡಿದ ತಲೆ ಮುಂದಕ್ಕೂ ಹಿಂದಕ್ಕೂ ಹೋಗುತ್ತಿತ್ತು. ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ಎಳೆಯಬೇಕು, ಎಲ್ಲಿ ಎರಡು ಸಲ ಕೂಗಬೇಕು, ಒಂದೂ ತಪ್ಪಲಿಲ್ಲ. ಶಬ್ದ ಒಂದೇ ತಪ್ಪು.

"ಬೋರರ್ ಕಣೇ, ಬೋರರ್!" ಎಂದ ರೇಣುಕಪ್ರಸಾದ್.

ಅವಳು ಅರ್ಧಕ್ಕೆ ನಿಲ್ಲಿಸಿ ಅವನತ್ತ ತಿರುಗಿದಳು. "ಬೋರರ್ರಾ? ಅಯ್ಯೋ, ಅಡುಗೆಮನೇಲಿ ಬಾರೋ ಅಂತಲೇ ಕೇಳೋದು ಕಣ್ರೀ. ಯಾರನ್ನೋ ಕರೀತಿದ್ದಾರೆ, ಇಷ್ಟು ವರ್ಷ ಕರೆದ್ರೂ ಅವ್ರು ಬರ್ಲಿಲ್ವಲ್ಲ ಪಾಪ, ಅಂತ ಅಂದ್ಕೊಂಡಿದ್ದೆ. ಒಂದೊಂದ್ಸಲ ನಾನೂ ಒಗ್ಗರಣೆ ಹಾಕ್ತಾ ಅವರ ಜೊತೆ ಕರೀತಿದ್ದೆ."

ತಿಮ್ಮಮ್ಮನವರು ಕುರ್ಚಿಯ ಕೈ ಹಿಡಿದು ಎದ್ದರು. "ಬಾರೋ!" ಎಂದರು ತಮ್ಮ ಕೈಲಾದಷ್ಟು ಗಟ್ಟಿಯಾಗಿ. ದಿವ್ಯಾ ಕೂಗಿದಳು. ಗೋಡೆಯ ಹತ್ತಿರ ರುದ್ರಪ್ಪ ಕೂಗಿದ, ಕರಿ ಟೀ ಶರ್ಟುಗಳೆಲ್ಲ ಕೂಗಿದವು. ಡ್ರಮ್ಮು ಮತ್ತೆ ಶುರುವಾಯಿತು. ಇಡೀ ಕಣ ಅರುಣನನ್ನು ಬಾರೋ ಬಾರೋ ಎಂದು ಕರೆಯಿತು. ಅವನು ಕಣ್ಣು ಒರೆಸಿಕೊಂಡು, ನಕ್ಕು, ಇದ್ದಷ್ಟು ದನಿಯಲ್ಲಿ ಹಾಡತೊಡಗಿದ. ಅಬ್ಬರಿಸುವುದನ್ನು ಜನ ನೋಡಿಕೊಂಡರು.

ಮುಗಿದ ಮೇಲೆ ಅರುಣ್ ಬೆವರು ಒರೆಸುತ್ತಾ ನೇರವಾಗಿ ರೇಣುಕಪ್ರಸಾದನ ಮುಂದೆ ಬಂದು ನಿಂತ. "ಹೇಳು ಮಾರಾಯ. ಮುಚ್ಚೋಣ್ವಾ?"

"ನಂಗೆ ಮೊದಲು ಹಿಡಿಸ್ಲಿಲ್ಲ," ಎಂದ ರೇಣುಕಪ್ರಸಾದ್. "ಇವಳಿಗೆ ಹಿಡಿಸ್ತು ಅಂತಲೇ ಹಿಡಿಸ್ಲಿಲ್ಲ. ಆಮೇಲೆ ಗೋದಾಮಲ್ಲಿ ಕೂತು ಅತ್ತುಬಿಟ್ಟೆ. ಇದು ನಿಜ. ಆದ್ರೆ ಕೊನೆ ಮಾತು ನಂದಲ್ಲ. ನಂದು ಹಳೇ ಕಿವಿ. ಇನ್ಮೇಲೆ ಇವಳನ್ನ ಕೇಳು."

ಅರುಣ್ ಕೈಮುಗಿದು ನಾಗಶ್ರೀಯ ಕಡೆ ತಿರುಗಿದ. "ಹೇಳಿ ಅತ್ತಿಗೆ. ಆಲ್ಬಮ್ ಹೇಗಿದೆ?"

ನಾಗಶ್ರೀ ಜಾರಿದ ಮಲ್ಲಿಗೆಯನ್ನು ಸರಿಮಾಡಿಕೊಂಡು ಯೋಚಿಸಿದಳು.

"ಚೆನ್ನಾಗಿದೆ ಅರುಣಣ್ಣ. ಆದ್ರೆ ಮುಂದಿನದ್ರಲ್ಲಿ ಬೊಗಳೋದು ಒಂಚೂರು ಇರ್ಲಿ, ಬೇಕಾದ್ರೆ ನಾನೇ ಬರ್ತೀನಿ," ಎಂದಳು. "ಗೋಡೆ ಆಚೆ ಅಷ್ಟೂ ಸದ್ದಿಲ್ದಿದ್ರೆ ಇವ್ರು ಮನೇಲಿದ್ದಾರೋ ಇಲ್ವೋ ನಂಗೆ ಗೊತ್ತಾಗಲ್ಲ."